ಲ್ಯಾವೆಂಡರಿಗೆ ಕತ್ತರಿ ಎಲ್ಲಿಯವರೆಗೆ?

ವಿಜಯಪುರದ ಕಡೆ ದ್ರಾಕ್ಷಿ ಬೆಳೆಯುವವರು ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮಾಡುತ್ತಾರೆ. ಬಳ್ಳಿ ಬೋಳಾದರೂ ಅವರಿಗೆ ಚಿಂತೆಯಿಲ್ಲ, ಅದು ಚಿಗುರಿಯೇ ಚಿಗುರುತ್ತದೆ. ಗುಲಾಬಿಯೂ ಅಂಥದ್ದೇ ಗಟ್ಟಿಗಿತ್ತಿ. ಅದೇ ಧೈರ್ಯದಿಂದ ಲ್ಯಾವೆಂಡರ್ ಬುಡಕ್ಕೆ ಕತ್ತರಿ ಹಾಕಿದಿರೋ, ಗಿಡ ಹೋಯಿತೆಂದೇ ಲೆಕ್ಕ.

ಲ್ಯಾವೆಂಡರ್ ನಮ್ಮ ತುಳಸಿ, ಪುದೀನಗಳ ಕುಟುಂಬದ್ದು. ತವರು ಮಾತ್ರ ಮೆಡಿಟರೇನಿಯನ್ ಸುತ್ತಿನ ಒಣ ಕಲ್ಲುಗುಡ್ಡಗಳು. ವರ್ಷ ಕಳೆದಂತೆ ಅದರ ಕಾಂಡ ಬುಡದಿಂದ ಮೇಲಕ್ಕೆ ಕಟ್ಟಿಗೆಯಾಗುತ್ತ ಬರುತ್ತದೆ. ಹಾಗೆ ಕಟ್ಟಿಗೆಯಾಗಿ ಎಲೆ ಉದುರಿದ ಭಾಗದಲ್ಲಿ ಮತ್ತೆ ಒಡೆಯಬಲ್ಲ ಕಣ್ಣುಗಳು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಕತ್ತರಿ ಹಸಿರಿನಲ್ಲೇ ಆಡಬೇಕು. ಒಣಗಿದ ಹೂದಂಟು, ಅದರ ಕೆಳಗೆ ಆ ವರ್ಷದ ಹಸಿರು ಬೆಳವಣಿಗೆಯಲ್ಲಿ ಸುಮಾರು ಒಂದು ಅಂಗುಲ, ಇಷ್ಟು ತೆಗೆದರೆ ಸಾಕು. ಕತ್ತರಿಸಿದ ಜಾಗದ ಕೆಳಗೆ ಎಲೆ ಉಳಿದಿದೆಯೇ ಎಂದು ನೋಡಿಕೊಳ್ಳಿ.

ಕಾಲ ಯಾವುದು? ಹೂವು ಮುಗಿದ ಕೂಡಲೇ. ಇಂಗ್ಲೆಂಡಿನ ತೋಟಗಳಲ್ಲಿ ಕಿರಿದೆಲೆಯ ಜಾತಿ ಜುಲೈ ಹೊತ್ತಿಗೆ ತುಂಬಿ ಅರಳುತ್ತದೆ, ಆಗಸ್ಟ್ ಕೊನೆಯೊಳಗೆ ಸವರಿ ಮುಗಿಸುತ್ತಾರೆ. ತಡಮಾಡಿದರೆ ಎಳೆ ಚಿಗುರು ಬಲಿಯುವ ಮೊದಲೇ ಹಿಮ ಬಿದ್ದು ಸುಟ್ಟುಹೋಗುತ್ತದೆ.

ಹೊಲದಲ್ಲಿ ಬೆಳೆಯುವವರಿಗೆ ಈ ಕೆಲಸ ಬೇರೆಯಾಗಿಲ್ಲ, ಕೊಯ್ಲೇ ಸವರುವಿಕೆ. ಫ್ರಾನ್ಸಿನ ಪ್ರೊವಾನ್ಸ್ ಸೀಮೆಯಲ್ಲಿ ಜುಲೈ–ಆಗಸ್ಟ್‌ನಲ್ಲಿ ಯಂತ್ರ ಸಾಲಿನುದ್ದಕ್ಕೂ ಹೂದಂಟು ಕೊಯ್ದುಕೊಂಡು ಹೋಗುತ್ತದೆ. ಜಮ್ಮುವಿನ ದೋಡಾ ಜಿಲ್ಲೆಯ ಭದರ್ವಾದಲ್ಲಿ ಮೆಕ್ಕೆಜೋಳ ಬಿಟ್ಟು ಲ್ಯಾವೆಂಡರ್ ಹಿಡಿದ ರೈತರೂ ಬೇಸಿಗೆಯಲ್ಲಿ ಹೂವು ಕೊಯ್ದು ಎಣ್ಣೆ ಭಟ್ಟಿಗೆ ಕಳಿಸುತ್ತಾರೆ. ಚಿತ್ರಗಳಲ್ಲಿ ಕಾಣುವ ಆ ದುಂಡನೆಯ ಪೊದೆಗಳು ತಾವಾಗಿ ದುಂಡಗಾದವಲ್ಲ, ವರ್ಷವೂ ತಪ್ಪದೆ ಕೊಯ್ದದ್ದರ ಫಲ.

ಮನೆಯಲ್ಲಿ ಕುಂಡದ ಗಿಡ ಹೂ ಬಿಟ್ಟಿತೆಂಬ ಸಂತೋಷದಲ್ಲಿ ನಾವು ಕತ್ತರಿ ಮುಟ್ಟುವುದಿಲ್ಲ. ಮೂರ್ನಾಲ್ಕು ವರ್ಷದಲ್ಲಿ ಗಿಡ ನಡುವೆ ಬಾಯ್ಬಿಟ್ಟು ಅತ್ತಿತ್ತ ಒರಗುತ್ತದೆ, ಬುಡವೆಲ್ಲ ಬರೀ ಕಡ್ಡಿ. ಅದಕ್ಕೇ ಮೊದಲ ವರ್ಷದಿಂದಲೇ ಶುರುಮಾಡಬೇಕು. ಬೆಂಗಳೂರಿನಂಥ ಊರಲ್ಲಿ ಅಂಚು ಹಲ್ಲುಹಲ್ಲಾಗಿರುವ ಎಲೆಯ ಜಾತಿ ವಾಸಿ. ಅದನ್ನು ಹೂ ಬಂದು ಹೋದಂತೆಲ್ಲ ತುಸುತುಸುವೇ ಸವರಿ. ಮಳೆ ಹಿಡಿದ ದಿನ ಮಾತ್ರ ಕತ್ತರಿ ಬೇಡ, ಒದ್ದೆಯಲ್ಲಿ ಗಾಯ ಕೊಳೆಯಬಹುದು.

ಪೂರ್ತಿ ಕಟ್ಟಿಗೆಯಾದ ಗಿಡವನ್ನು ಉಳಿಸಲು ಹೆಣಗುವುದು ನನ್ನ ಮಟ್ಟಿಗೆ ವ್ಯರ್ಥ. ತುದಿಯಲ್ಲಿ ಹೂವಿಲ್ಲದ ಹಸಿರು ಕುಡಿ ಸಿಕ್ಕರೆ ನಾಲ್ಕು ಅಂಗುಲ ಕತ್ತರಿಸಿ, ಕೆಳಗಿನ ಎಲೆ ಕಿತ್ತು, ಮರಳು ಹೆಚ್ಚಾಗಿ ಬೆರೆಸಿದ ಮಣ್ಣಿಗೆ ಊರಿ. ನೆರಳಲ್ಲಿಡಿ, ಮಣ್ಣು ಆರದಷ್ಟು ಮಾತ್ರ ನೀರು ಚಿಮುಕಿಸಿ. ಬೇರು ಬಂದ ಮೇಲೆ ಹಳೆಯದನ್ನು ಕಿತ್ತುಹಾಕಿ.