ಕಚೇರಿಯ ಕಿರುಕುಳ: ಅನುಭವಿಸಿದ್ದು, ಮಾಡಿದ್ದು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್ ಕೆಲಸದ ಬಗ್ಗೆ ಮಾತಾಡು ಎಂದು ಸಂಘಟಕರು ಹೇಳಿದ್ದರು. ಸಂಬಳ, ವಿದೇಶ ಇವುಗಳ ಬಗ್ಗೆ ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಕೆಲಸದ ಜಾಗದಲ್ಲಿ ಒಬ್ಬರು ಇನ್ನೊಬ್ಬರಿಗೆ ಕೊಡುವ ಕಿರುಕುಳದ ಬಗ್ಗೆ ಹೇಳುವವರು ಕಡಿಮೆ. ನಾಳೆ ನೀವು ಗಾರ್ಮೆಂಟ್ಸ್‌ಗೆ ಹೋಗಿ, ಆಸ್ಪತ್ರೆಗೆ ಹೋಗಿ, ಇದು ಎದುರಾಗಬಹುದು.

ಎಂಟರಿಂದ ಹತ್ತನೇ ತರಗತಿವರೆಗೆ ನಾನು ಇದೇ ಹೆಂಚಿನ ಕಟ್ಟಡದಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದವನು. ಬಿ.ಇ. ಮುಗಿಸಿ ಬೆಂಗಳೂರಿನ ಒಂದು ಕಂಪನಿ ಸೇರಿದೆ. ಅಲ್ಲಿ ದಿನಾ ಬೆಳಿಗ್ಗೆ ಹದಿನೈದು ನಿಮಿಷದ ಸಭೆ. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ ಎಂದು ಪ್ರತಿಯೊಬ್ಬರೂ ಇಂಗ್ಲಿಷಿನಲ್ಲಿ ಹೇಳಬೇಕು. ‘ಸೆಷನ್’ ಅನ್ನುವುದು ನನ್ನ ಬಾಯಲ್ಲಿ ‘ಶೆಸನ್’ ಆಗುತ್ತಿತ್ತು. ನಮ್ಮ ಟೀಮ್ ಲೀಡ್ ಅದನ್ನು ಹಾಗೇ ಅನುಕರಿಸಿ ತೋರಿಸುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಆಮೇಲೆ ಮುಖ್ಯವಾದ ಇಮೇಲ್‌ಗಳಲ್ಲಿ ನನ್ನ ಹೆಸರು ಬಿಟ್ಟುಹೋಗತೊಡಗಿತು. ‘ಮೇಲ್ ನೋಡಲಿಲ್ಲವೇ?’ ಎಂದು ಸಭೆಯಲ್ಲಿ ಕೇಳುವುದು ಮಾತ್ರ ತಪ್ಪುತ್ತಿರಲಿಲ್ಲ. ಶುಕ್ರವಾರ ಸಂಜೆ ಆರಕ್ಕೆ ಕೆಲಸ ಕೊಟ್ಟು ಸೋಮವಾರ ಬೆಳಿಗ್ಗೆಗೆ ಬೇಕು ಎನ್ನುವುದು, ಸೋಮವಾರ ಅದನ್ನು ತೆರೆದೂ ನೋಡದಿರುವುದು. ಒಂದೊಂದನ್ನೇ ಬಿಡಿಸಿ ಹೇಳಿದರೆ ‘ಇದೂ ಒಂದು ದೂರೇ?’ ಅನ್ನಿಸುತ್ತದೆ. ಹಾಗೆಂದು ಬೈದದ್ದೆಲ್ಲ ಕಿರುಕುಳವಲ್ಲ. ನಮ್ಮ ಗಣಿತದ ಮೇಷ್ಟ್ರು ಕೆಂಪು ಶಾಯಿಯಲ್ಲಿ ನನ್ನ ಲೆಕ್ಕವನ್ನು ಎಷ್ಟು ಸಲ ಹೊಡೆದುಹಾಕಿದ್ದಾರೋ! ಮರುದಿನ ಅದೇ ಲೆಕ್ಕವನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಡುತ್ತಿದ್ದರು.

ಭಾನುವಾರ ಸಂಜೆಯಾದರೆ ಹೊಟ್ಟೆ ಹಿಂಡಿದಂತಾಗುತ್ತಿತ್ತು. ಅಮ್ಮ ಫೋನಿನಲ್ಲಿ ಕೇಳಿದರೆ ‘ಚೆನ್ನಾಗಿದೆ’ ಎನ್ನುತ್ತಿದ್ದೆ. ಸಾಲ ಮಾಡಿ ಓದಿಸಿದವರಿಗೆ ಇನ್ನೇನು ಹೇಳಲಿ?

ಕ್ಯಾಂಟೀನಿನಲ್ಲಿ ಒಂದು ದಿನ ಟೆಸ್ಟಿಂಗ್ ವಿಭಾಗದ ಹಿರಿಯರೊಬ್ಬರು, ಹುಬ್ಬಳ್ಳಿ ಕಡೆಯವರು, ಎದುರು ಕೂತು ಹೇಳಿದರು: ‘ಬರ್ದಿಡು ತಮ್ಮಾ. ತಾರೀಖು, ಟೈಮು, ಯಾರ್ಯಾರು ಇದ್ರು, ಏನಂದ್ರು, ಅಷ್ಟ ಬರಿ. ನಿನ್ನ ಸಂಕಟ ಬರೀಬ್ಯಾಡ.’ ಕಂಪನಿಯ ಲ್ಯಾಪ್‌ಟಾಪಿನಲ್ಲಿ ಬೇಡ, ಸ್ವಂತ ನೋಟ್‌ಬುಕ್ಕಿನಲ್ಲಿ ಬರಿ ಎಂದರು. ಕಂಪನಿಯ ಮೇಲ್‌ಗಳನ್ನು ನಿನ್ನ ಖಾಸಗಿ ಮೇಲ್‌ಗೆ ಕಳಿಸಿಕೊಳ್ಳಬೇಡ, ಆಮೇಲೆ ತಪ್ಪು ನಿನ್ನದೇ ಆಗುತ್ತದೆ ಎಂದೂ ಎಚ್ಚರಿಸಿದರು.

ಆರು ವಾರ ಬರೆದೆ. ಇಪ್ಪತ್ತಮೂರು ಘಟನೆಗಳಾದವು. ಅವುಗಳೊಂದಿಗೆ, ಬೇರೆ ತಂಡಕ್ಕೆ ಹಾಕಿ ಎಂಬ ಒಂದೇ ಕೋರಿಕೆ ಇಟ್ಟು ಮ್ಯಾನೇಜರಿಗೂ ಎಚ್.ಆರ್. ವಿಭಾಗಕ್ಕೂ ಲಿಖಿತವಾಗಿ ಕೊಟ್ಟೆ. ‘ಸ್ವಭಾವದ ವ್ಯತ್ಯಾಸ ಅಷ್ಟೆ’ ಎಂದರು. ಎರಡು ತಿಂಗಳ ಮೇಲೆ ತಂಡ ಬದಲಾಯಿತು. ಆ ಲೀಡ್‌ಗೆ ಏನೂ ಆಗಲಿಲ್ಲ. ಸುಳ್ಳು ಭರವಸೆ ಕೊಡಬಾರದು ಅಂತ ಇದನ್ನೂ ಹೇಳುತ್ತಿದ್ದೇನೆ.

ಇಂಥ ಗೇಲಿ, ಹೀಯಾಳಿಕೆಗೆಂದೇ ನಮ್ಮಲ್ಲಿ ಪ್ರತ್ಯೇಕ ಕಾನೂನಿಲ್ಲ. ಹೆಣ್ಣುಮಕ್ಕಳು ಇದನ್ನು ನೆನಪಿಡಿ: ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆ ಇದೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು, ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಪರಿಶಿಷ್ಟ ಜಾತಿ, ಪಂಗಡದವರನ್ನು ನಾಲ್ಕು ಜನರ ಎದುರು ಜಾತಿ ಹಿಡಿದು ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. 2014ರಲ್ಲಿ ಕರ್ನಾಟಕ ಸರ್ಕಾರ ಐ.ಟಿ. ಕಂಪನಿಗಳಿಗೆ ಸ್ಥಾಯಿ ಆದೇಶಗಳ ಕಾಯ್ದೆಯಿಂದ ವಿನಾಯಿತಿ ಕೊಟ್ಟಾಗ, ಆಡಳಿತದವರೂ ನೌಕರರೂ ಸಮಸಂಖ್ಯೆಯಲ್ಲಿರುವ ಕುಂದುಕೊರತೆ ಸಮಿತಿ ಇರಬೇಕೆಂದು ಷರತ್ತು ಹಾಕಿತ್ತು. ನನಗೆ ಅದು ಗೊತ್ತೇ ಇರಲಿಲ್ಲ. ನೀವು ಕೆಲಸಕ್ಕೆ ಸೇರಿದ ದಿನವೇ ಇಲ್ಲಿ ದೂರು ಯಾರಿಗೆ ಕೊಡಬೇಕು ಎಂದು ಕೇಳಿಟ್ಟುಕೊಳ್ಳಿ. ಮನಸ್ಸು ತೀರಾ ಕುಗ್ಗಿದರೆ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಹೇಳಲು ಕಷ್ಟವಾದ ಭಾಗ. ಕೆಲವು ವರ್ಷದ ಮೇಲೆ ನಾನೇ ಲೀಡ್ ಆದೆ. 2020ರ ಲಾಕ್‌ಡೌನ್. ಹೊಸದಾಗಿ ಸೇರಿದ ಹುಡುಗನೊಬ್ಬ ಹಳ್ಳಿಯಿಂದ, ತಾರಸಿ ಹತ್ತಿ ಕೆಲಸ ಮಾಡುತ್ತಿದ್ದ. ಮಾತು ಮತ್ತೆ ಮತ್ತೆ ಕಡಿದುಹೋಗುತ್ತಿತ್ತು. ‘ನಿಮ್ಮೂರಿಗೆ ನೆಟ್‌ವರ್ಕ್ ಬರೋಷ್ಟರಲ್ಲಿ ನಾವೆಲ್ಲ ರಿಟೈರ್ ಆಗಿರ್ತೀವಿ’ ಎಂದೆ. ಎಲ್ಲರೂ ನಕ್ಕರು. ಅವನೂ ನಕ್ಕ. ಮತ್ತೆ ಎರಡು ಮೂರು ಸಲ ಅದನ್ನೇ ಅಂದೆ. ಮುಂದಿನ ವಾರದಿಂದ ಅವನು ಕ್ಯಾಮೆರಾ ಹಾಕುವುದನ್ನೇ ಬಿಟ್ಟ, ಕೇಳಿದ್ದಕ್ಕಷ್ಟೇ ಉತ್ತರ.

ಆ ಸಭೆಯಲ್ಲಿದ್ದ ಹುಬ್ಬಳ್ಳಿಯ ಹಿರಿಯರು ನನಗೊಬ್ಬನಿಗೇ ಒಂದು ಸಂದೇಶ ಕಳಿಸಿದರು: ‘ನಿನ್ನ ಹಳೇ ನೋಟ್‌ಬುಕ್ ಇನ್ನೂ ಐತೇನು?’

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಅವಮಾನ ಮಾಡಿದ್ದು ಎಲ್ಲರೆದುರು, ಆದ್ದರಿಂದ ಮರುದಿನ ಕ್ಷಮೆಯನ್ನೂ ಎಲ್ಲರೆದುರೇ ಕೇಳಿದೆ. ‘ಪರವಾಗಿಲ್ಲ ಸರ್’ ಎಂದ. ಆ ‘ಪರವಾಗಿಲ್ಲ’ ಎಂಥದ್ದೆಂದು ನನಗೆ ಚೆನ್ನಾಗಿ ಗೊತ್ತು, ನಾನೂ ಎಷ್ಟೋ ಸಲ ಅಂದಿದ್ದೆ. ಬೆಳಗಿನ ಸಭೆಯಲ್ಲಿ ಬೇಕಾದವರು ಬರೆದು ತಿಳಿಸಬಹುದು, ಕನ್ನಡದವರು ತಮ್ಮತಮ್ಮಲ್ಲಿ ಕನ್ನಡದಲ್ಲೇ ಮಾತಾಡಬಹುದು ಎಂದು ಮಾಡಿದೆವು. ನಾಲ್ಕು ತಿಂಗಳಿಗೆ ಅವನು ಬೇರೆ ಕಂಪನಿಗೆ ಹೋದ. ನನ್ನಿಂದಲೇ ಹೋದನೋ ಏನೋ, ಕೇಳುವ ಧೈರ್ಯ ಬರಲಿಲ್ಲ.

ಆ ನೋಟ್‌ಬುಕ್ ಇವತ್ತು ಚೀಲದಲ್ಲಿ ತಂದಿದ್ದೇನೆ. ಹೇಗೆ ಬರೆದಿಡಬೇಕು ಎಂದು ನೋಡಬೇಕೆನ್ನುವ ಹತ್ತನೇ ತರಗತಿಯವರು ಊಟದ ಹೊತ್ತಿಗೆ ಬನ್ನಿ, ಆ ಬೇವಿನ ಮರದ ಕೆಳಗೆ ಇರುತ್ತೇನೆ.