ಬಚ್ಚಲ ನೀರಿನ ಸದ್ಗತಿ



2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಗ್ರಾಮವಾಸಿಯೊಬ್ಬನಿಗೆ ದಿನಕ್ಕೆ 55 ಲೀಟರು ನಳದ ನೀರನ್ನು ಸಂಕಲ್ಪಿಸಿತು. ಐವರಿರುವ ಮನೆಗೆ ಇದು 275 ಲೀಟರು. ಇದರ ಬಹುಭಾಗವು ಬಚ್ಚಲಿನಿಂದ ಗಟಾರಕ್ಕೆ ಇಳಿಯತಕ್ಕದ್ದೇ. ದಾರಿಯಿಲ್ಲದಿದ್ದರೆ ಮೇಲಿನ ಓಣಿಯ ಹೊಲಸು ಕೆಳಗಿನ ಓಣಿಯ ಬಾಗಿಲಲ್ಲಿ ನಿಂತು ಸೊಳ್ಳೆಗಳನ್ನು ಸಾಕುವದು.

ಮಸಾರಿ ಭೂಮಿಯಲ್ಲಿ ಇಂಗುಗುಂಡಿಯೇ ಸಾಕು. ಆದರೆ ಹುನ್ನೂರ ಇರುವ ಜಮಖಂಡಿ ಸೀಮೆಯಲ್ಲಿ ಎರೆಭೂಮಿಯು ಬಹಳ. ಎರೆಮಣ್ಣು ನೀರುಂಡೊಡನೆ ಉಬ್ಬಿ ತನ್ನ ರಂಧ್ರಗಳನ್ನು ಮುಚ್ಚಿಕೊಳ್ಳುವದು. ಗುಂಡಿಯು ತುಂಬಿ ಬೀದಿಗೆ ಉಕ್ಕುವದು.

ಆದಕಾರಣ ಎರೆಯ ಊರಿನವರು ಪಾಯಖಾನೆಯ ನೀರನ್ನು ಕೂಡಿಸದೆ, ಬಚ್ಚಲ ನೀರನ್ನು ಮೊದಲು ತೊಟ್ಟಿಯಲ್ಲಿ ನಿಲ್ಲಿಸಿ ರಾಡಿಯನ್ನು ತಳಕ್ಕಿಳಿಸಬೇಕು. ಬಳಿಕ ಊರ ತಗ್ಗಿನಲ್ಲಿ ಸಾಲಾಗಿ ತೋಡಿದ ಹೊಂಡಗಳಿಗೆ ಹಾಯಿಸಬೇಕು. ಗುಂಡಿಗೆ ದೋಷವಾದ ಮಣ್ಣಿನ ಗುಣವೇ ಇಲ್ಲಿ ನೀರನ್ನು ಹಿಡಿದು ಉಪಕರಿಸುವದು. ಬಿಸಿಲಿಗೆ ಬೆಳೆವ ಪಾಚಿಯು ಪ್ರಾಣವಾಯುವನ್ನು ಕೊಡುವದು; ಅದರಿಂದ ಬದುಕುವ ಸೂಕ್ಷ್ಮಜೀವಿಗಳು ಹೊಲಸನ್ನು ತಿಂದು ತೀರಿಸುವವು. ಕೊನೆಯ ಹೊಂಡದ ನೀರು ಕುಡಿಯಲಿಕ್ಕೆ ಬಾರದಿದ್ದರೂ ಗಿಡಮರಗಳಿಗೆ ಒದಗುವದು.

ತೊಟ್ಟಿಯ ರಾಡಿಯನ್ನು ಕಾಲಕಾಲಕ್ಕೆ ತೆಗೆಯದಿದ್ದರೆ ಇದೆಲ್ಲವೂ ವ್ಯರ್ಥ. ಕಟ್ಟಿಸುವದು ಸರಕಾರದಿಂದಾದೀತು, ಕಾಯ್ದುಕೊಳ್ಳುವದು ಊರವರಿಂದಲೇ ಆಗತಕ್ಕದ್ದು. ಓಣಿಗೊಬ್ಬರು ಈ ಹೊಣೆಯನ್ನು ಹೊರುವವರಾಗಲಿ.