ಹುಡುಗ ಚೆನ್ನಾಗಿದ್ದಾನೆ, ಮಾತ್ರೆ ಇನ್ನೂ ಏಕೆ?



ನಮ್ಮ ಶಾಲೆಯ ಹುಡುಗನೊಬ್ಬನ ತಂದೆ ಪರೀಕ್ಷೆಯ ದಿನಗಳಲ್ಲಿ ನನ್ನನ್ನು ಕಾಣಲು ಬಂದಿದ್ದರು. ಮಗನಿಗೆ ರಕ್ತದ ಕ್ಯಾನ್ಸರ್. ಕೆಲವು ತಿಂಗಳ ಚಿಕಿತ್ಸೆಯಲ್ಲಿ ಜ್ವರ ಇಳಿದಿತ್ತು, ಮೈಮೇಲಿನ ನೀಲಿ ಕಲೆಗಳು ಹೋಗಿದ್ದವು, ರಕ್ತಪರೀಕ್ಷೆಯೂ ಚೆನ್ನಾಗಿ ಬಂದಿತ್ತು. "ಸಾರ್, ಹುಡುಗ ಓಡಾಡಿಕೊಂಡಿದ್ದಾನೆ. ಇನ್ನೂ ಎರಡು ವರ್ಷ ಮಾತ್ರೆ ಅಂತಾರೆ. ನಿಲ್ಲಿಸಿದರೆ ಆಗೋದಿಲ್ಲವಾ?" ಎಂದು ಕೇಳಿದರು. ನಾನು ಭಾಷೆ ಕಲಿಸುವವನು. "ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ" ಎಂದಷ್ಟೇ ಹೇಳಿದೆ. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಓದಿ ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡುತ್ತೇನೆ.

ನಮ್ಮ ದೇಹದ ಜೀವಕೋಶ ಮನಬಂದಂತೆ ಹೆಚ್ಚುವುದಿಲ್ಲ. 'ಒಡೆದು ಎರಡಾಗು' ಎಂಬ ಸಂಕೇತ ಬರಬೇಕು. ಕೋಶದೊಳಗಿನ ಕೆಲವು ಕಿಣ್ವಗಳು ಆ ಸಂಕೇತವನ್ನು ಮುಂದಕ್ಕೆ ದಾಟಿಸಿ ಸುಮ್ಮನಾಗುತ್ತವೆ. ಶಾಲೆಯ ವಿದ್ಯುತ್ ಗಂಟೆಯನ್ನು ನೆನೆಯಿರಿ. ಗುಂಡಿ ಒತ್ತಿದರೆ ಬಾರಿಸುತ್ತದೆ, ಬಿಟ್ಟರೆ ನಿಲ್ಲುತ್ತದೆ. ಗುಂಡಿ ಒಳಗೇ ಸಿಕ್ಕಿಕೊಂಡರೆ?

1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಎಂಬಿಬ್ಬರು ರಕ್ತ ಕ್ಯಾನ್ಸರಿನ ಕೆಲವು ರೋಗಿಗಳ ಕೋಶಗಳಲ್ಲಿ ತೀರಾ ಗಿಡ್ಡವಾದ ವರ್ಣತಂತುವೊಂದನ್ನು ಕಂಡರು. 1973ರಲ್ಲಿ ಷಿಕಾಗೋದ ಜಾನೆಟ್ ರೌಲಿ ಅದರ ಗುಟ್ಟು ಬಿಡಿಸಿದರು. 9ನೆಯ ಮತ್ತು 22ನೆಯ ವರ್ಣತಂತುಗಳು ತುಂಡುಗಳನ್ನು ಅದಲು ಬದಲು ಮಾಡಿಕೊಂಡಿದ್ದವು. (ಆಕೆ ವರ್ಣತಂತುಗಳ ಚಿತ್ರಗಳನ್ನು ಮನೆಯ ಊಟದ ಮೇಜಿನ ಮೇಲೆ ಕತ್ತರಿಸಿ ಜೋಡಿಸುತ್ತಿದ್ದರಂತೆ, ಅಮ್ಮ ಕಾಗದದ ಬೊಂಬೆ ಆಡುತ್ತಾಳೆಂದು ಮಕ್ಕಳು ಭಾವಿಸಿದ್ದರಂತೆ.) ಹಾಗೆ ತಪ್ಪಾಗಿ ಬೆಸೆದ ವಂಶವಾಹಿಗಳಿಂದ ಹುಟ್ಟುವ ಕಿಣ್ವಕ್ಕೆ ಬಿಸಿಆರ್-ಎಬಿಎಲ್ ಎಂದು ಹೆಸರು. ಇದೇ ಆ ಸಿಕ್ಕಿಕೊಂಡ ಗುಂಡಿ. ಸಂಕೇತ ನಿಲ್ಲುವುದೇ ಇಲ್ಲ, ಬಿಳಿ ರಕ್ತಕಣಗಳು ಹೆಚ್ಚುತ್ತಲೇ ಇರುತ್ತವೆ.

ಮಕ್ಕಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ. ಅದು ಬಂದ ನೂರು ಮಕ್ಕಳಲ್ಲಿ ಮೂರರಿಂದ ಐದು ಮಕ್ಕಳಿಗೆ ಈ ದೋಷವಿರುತ್ತದೆ. ಇದು ತಾಯಿಯಿಂದಲೋ ತಂದೆಯಿಂದಲೋ ಬಂದದ್ದಲ್ಲ. ಪಕ್ಕದ ಬೆಂಚಿನವನಿಗೆ ಅಂಟುವುದೂ ಇಲ್ಲ. ಹೀಗೆ ಒತ್ತಿ ಹೇಳಲು ಕಾರಣವಿದೆ. ನಮ್ಮ ತರಗತಿಯಲ್ಲೇ ಒಬ್ಬರು ತಮ್ಮ ಮಗನ ಜಾಗ ಬದಲಿಸಲು ಕೇಳಿದ್ದರು.

ಕಿಣ್ವಕ್ಕೆ ಶಕ್ತಿ ಎಟಿಪಿ ಎಂಬ ಅಣುವಿನಿಂದ ಬರುತ್ತದೆ. ಅದು ಬಂದು ಕೂರುವ ಗುಳಿಯಲ್ಲಿ ತಾನೇ ಹೋಗಿ ಕೂರುವ ಔಷಧಿ ಇಮ್ಯಾಟಿನಿಬ್. ಗಂಟೆಗೆ ಕರೆಂಟು ಬರುವ ದಾರಿಯನ್ನೇ ಮುಚ್ಚಿದಂತೆ. ದೊಡ್ಡವರ ಕಾಯಿಲೆಗೆ 2001ರಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ದೊರೆಯಿತು. ಮಕ್ಕಳಿಗೆ ಕೀಮೋಥೆರಪಿಯ ಜೊತೆ ಕೊಟ್ಟು ನೋಡಿದ ಅಧ್ಯಯನವೊಂದರ ಫಲ 2009ರಲ್ಲಿ ಪ್ರಕಟವಾಯಿತು. ಹಿಂದೆ ಇಂಥ ನೂರು ಮಕ್ಕಳಲ್ಲಿ ಮೂರು ವರ್ಷವಾದರೂ ಕಾಯಿಲೆ ಮರುಕಳಿಸದೆ ಉಳಿಯುತ್ತಿದ್ದವರು ಸುಮಾರು 35. ಈಗ ಸುಮಾರು 80. ಗಮನಿಸಿ, ಈ 80 ಬಂದದ್ದು ಮಾತ್ರೆಯನ್ನು ಅತಿ ಹೆಚ್ಚು ದಿನ ಬಿಡದೆ ಕೊಟ್ಟ ಗುಂಪಿನಲ್ಲಿ.

ಆ ತಂದೆಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಮಾತ್ರೆ ಗುಂಡಿಯನ್ನು ರಿಪೇರಿ ಮಾಡುವುದಿಲ್ಲ, ಕರೆಂಟನ್ನು ತಡೆದಿರುತ್ತದೆ, ಅಷ್ಟೆ. ರಕ್ತಪರೀಕ್ಷೆಗೆ ಸಿಗದಷ್ಟು ಕೆಲವೇ ಕೋಶಗಳು ಅಸ್ಥಿಮಜ್ಜೆಯಲ್ಲಿ ಉಳಿದಿದ್ದರೂ, ಮಾತ್ರೆ ತೆಗೆದರೆ ಗಂಟೆ ಮತ್ತೆ ಶುರುವಾಗಬಹುದು. ಕೆಲವೊಮ್ಮೆ ಕಿಣ್ವ ಆಕಾರ ಬದಲಿಸಿಕೊಂಡು ಈ ಔಷಧಿಗೆ ಜಗ್ಗದಿರುವುದೂ ಉಂಟು. ಆಗ ಡಾಸಾಟಿನಿಬ್‌ನಂಥ ಬೇರೆ ಮಾತ್ರೆ ಕೊಡುತ್ತಾರೆ. ಆ ತೀರ್ಮಾನ ವೈದ್ಯರದು, ಮನೆಯವರದಲ್ಲ.

ಖರ್ಚಿನ ಮಾತು ಬಂದೇ ಬರುತ್ತದೆ. ಇಮ್ಯಾಟಿನಿಬ್‌ನ ಪೇಟೆಂಟ್ ಅರ್ಜಿಯನ್ನು ನಮ್ಮ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಳ್ಳಿಹಾಕಿತು. ಹಾಗಾಗಿ ನಮ್ಮ ಕಂಪನಿಗಳು ತಯಾರಿಸುವ ಅಗ್ಗದ ಮಾತ್ರೆ ಇಲ್ಲಿ ಸಿಗುತ್ತದೆ. ದುಡ್ಡು ಸಾಲದೆ ನಿಲ್ಲಿಸುವ ಯೋಚನೆ ಬಂದರೆ, ನಿಲ್ಲಿಸುವ ಮೊದಲೇ ಆಸ್ಪತ್ರೆಯವರಿಗೂ ಶಾಲೆಗೂ ತಿಳಿಸಿ.

ಆ ತಂದೆ ನಿಲ್ಲಿಸಲಿಲ್ಲ. ಹುಡುಗ ಮಧ್ಯಾಹ್ನ ಊಟವಾದ ಮೇಲೆ ದೊಡ್ಡ ಲೋಟದ ತುಂಬ ನೀರು ಹಿಡಿದು ಸ್ಟಾಫ್ ರೂಮಿಗೆ ಬರುತ್ತಾನೆ. ಮಾತ್ರೆಯ ಡಬ್ಬಿ ನನ್ನ ಮೇಜಿನ ಡ್ರಾಯರಿನಲ್ಲಿರುತ್ತದೆ.